ಕೂಟಲೇಖಕ್ರಿಯೆ ಮತ್ತು ವಿದ್ಯಾರ್ಥಿ ವೀಸಾ

ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಒಬ್ಬ ಗೃಹಸ್ಥರು ಅಭಿಷೇಕದ ಸವಾಲು ಹಿಡಿದರು. ಪರ್ವ ಮುಗಿದು ಹದಿನೈದು ದಿನವಾಗಿರಲಿಲ್ಲ, ಅದೇ ಗೃಹಸ್ಥರು ಬಸದಿಯ ವಿಶ್ವಸ್ತ ಮಂಡಳಿಯ ಮುಂದೆ ಒಂದು ಅರಿಕೆ ತಂದರು. ಮಗನಿಗೆ ಇಂಗ್ಲೆಂಡಿನಲ್ಲಿ ಪ್ರವೇಶ ದೊರೆತಿದೆ. ವೀಸಾಕ್ಕಾಗಿ ಖಾತೆಯಲ್ಲಿ ಹಣ ತೋರಿಸಬೇಕಾಗಿದೆ. ಬಸದಿಯ ಠೇವಣಿ ಮುರಿದು 22 ಲಕ್ಷ ರೂಪಾಯಿಗಳನ್ನು ಒಂದೂವರೆ ತಿಂಗಳ ಮಟ್ಟಿಗೆ ತಮ್ಮ ಹೆಸರಿಗೆ ಜಮಾ ಮಾಡಿದರೆ ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿಯೊಡನೆ ಮರಳಿಸುವೆನು ಎಂಬುದು ಅದರ ಸಾರ. ಯಾವ ಬಸದಿ, ಯಾರ ಮಗ ಎಂಬುದು ಇಲ್ಲಿ ಅಪ್ರಸ್ತುತ. ಹತ್ತಿಮತ್ತೂರಿನಂಥ ಊರಿಗೂ ಈ ಮಾತು ಬಂದು ಮುಟ್ಟಿದೆ ಎಂದಷ್ಟೇ ವಾಚಕರು ತಿಳಿದರೆ ಸಾಕು.

ನಾನು ವಿರೋಧಿಸಿದೆ. ನಿಷ್ಠುರ ಕಟ್ಟಿಕೊಂಡೆ. ಆ ವಿರೋಧದ ಕಾರಣವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಸಮುದ್ರ ದಾಟುವುದೇ ದೋಷವೆನ್ನುವವರ ಪಕ್ಷ ನನ್ನದಲ್ಲ. 1893ರಲ್ಲಿ ವೀರಚಂದ ರಾಘವಜಿ ಗಾಂಧಿಯವರು ಶಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೋಗಿ ಜಿನಧರ್ಮವನ್ನು ವಿವರಿಸಿದರು. ಮರಳಿದಾಗ ಅವರನ್ನು ಕಾಡಿದವರು ನಮ್ಮವರೇ. ಇಂದು ಅವರ ಹೆಸರು ಹೇಳಿ ಹೆಮ್ಮೆಪಡುವವರೂ ನಾವೇ. ಮಕ್ಕಳು ಹೋಗಲಿ, ಕಲಿಯಲಿ, ಆ ದೇಶದ ಕಾನೂನು ಒಪ್ಪಿದಷ್ಟು ಕಾಲ ದುಡಿಯಲಿ. ನನ್ನ ತಕರಾರು ಹೋಗುವುದರ ಬಗ್ಗೆ ಅಲ್ಲ, ಹೋಗಲು ನಾವು ಸಿದ್ಧಪಡಿಸುವ ಕಾಗದಗಳ ಬಗ್ಗೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಲೇಖ ಬರೆಯುವುದು. ಉಮಾಸ್ವಾಮಿ ಆಚಾರ್ಯರಿಗೆ ನಮ್ಮ ವ್ಯಾಪಾರಿ ಬುದ್ಧಿಯ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಬ್ರಿಟನ್ನಿನ ನಿಯಮದಂತೆ ಹಣವು ವಿದ್ಯಾರ್ಥಿಯ ಅಥವಾ ಪಾಲಕರ ಖಾತೆಯಲ್ಲಿ ಸತತ 28 ದಿನ ಇರಬೇಕು. ಓದುವ ಮಗನ ಊಟ ವಸತಿಗೆ ಆ ಹಣ ನಿಜವಾಗಿ ಒದಗಬೇಕೆಂಬುದೇ ಇದರ ಅರ್ಥ. ನಮ್ಮ ದಲ್ಲಾಳಿಗಳು ಕಂಡುಕೊಂಡ ಅರ್ಥ ಬೇರೆ: ಇಪ್ಪತ್ತೊಂಬತ್ತನೆಯ ದಿನ ಹಣ ತೆಗೆದರೂ ನಡೆಯುತ್ತದೆ! ಸಭೆಯಲ್ಲಿ ಒಬ್ಬ ಪಂಚರು, "ಆ ಇಪ್ಪತ್ತೆಂಟು ದಿನ ಹಣ ಇದ್ದದ್ದು ನಿಜವಲ್ಲವೇ, ಸುಳ್ಳೆಲ್ಲಿ ಬಂತು?" ಎಂದು ಕೇಳಿದರು. ಸ್ಯಾದ್ವಾದವನ್ನು ಪಾಸ್‌ಬುಕ್ಕಿಗೆ ಅನ್ವಯಿಸಿದ್ದನ್ನು ನಾನು ಅಂದೇ ಮೊದಲು ಕಂಡೆ.

ಅಮೆರಿಕದ ಕಾಗದಗಳಲ್ಲಿ ಸುಳ್ಳು ಇನ್ನೊಂದು ಬಗೆಯದು. ವಿದ್ಯಾರ್ಥಿ ವೀಸಾ ಕೇಳುವವನು ಓದು ಮುಗಿಸಿ ಸ್ವದೇಶಕ್ಕೆ ಮರಳುವವನೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. "ತಂದೆಯ ಅಂಗಡಿ ನೋಡಿಕೊಳ್ಳಲು ಮರಳುವೆನು" ಎಂಬ ವಾಕ್ಯವನ್ನು ದಲ್ಲಾಳಿ ಬಾಯಿಪಾಠ ಮಾಡಿಸುತ್ತಾನೆ. ಮನೆಯ ಲೆಕ್ಕ ನೋಡಿದರೆ 40 ಲಕ್ಷ ಸಾಲ. ಹಾವೇರಿಯ ಅಂಗಡಿಯ ಆದಾಯದಿಂದ ಅದರ ಬಡ್ಡಿಯೂ ಹುಟ್ಟದು. ಮಗ ಮರಳುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಆ ಸಾಲ ಎತ್ತಲಾಗಿದೆ. ನಾನು ಬಿ.ಕಾಂ. ಓದಿದವನು, ನಾಲ್ಕು ದಶಕ ಕೀರ್ದಿ ಖತಾವಣಿ ಬರೆದವನು. ಇಂಥ ಎರಡು ಪುಸ್ತಕಗಳನ್ನು ಇಡುವ ವ್ಯಾಪಾರಿಗೆ ನಾವು ಏನೆಂದು ಕರೆಯುತ್ತೇವೆ?

ಈ ನಂಬಿಕೆಯೂ ಭದ್ರವಾದದ್ದಲ್ಲ. ಪದವಿಯ ನಂತರ ಅಲ್ಲಿ 12 ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ ಮತ್ತೆ 24 ತಿಂಗಳು ಕೆಲಸ ಮಾಡುವ ಅವಕಾಶವಿದೆ. ಆಮೇಲಿನ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ ಒಟ್ಟು 85,000ದ ಮಿತಿ. ಅರ್ಜಿಗಳು ಅದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಚೀಟಿ ಎತ್ತುವಂಥ ಆಯ್ಕೆ. ಬ್ರಿಟನ್ 2021ರ ಜುಲೈಯಲ್ಲಿ ಪದವೀಧರರಿಗೆ ಎರಡು ವರ್ಷದ ಅವಕಾಶ ತೆರೆಯಿತು. 2027ರ ಜನವರಿಯಿಂದ ಅರ್ಜಿ ಹಾಕುವ ಸಾಮಾನ್ಯ ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸಲು ನಿರ್ಧರಿಸಿತು. ಕೆನಡಾ 2024ರ ಜನವರಿಯಲ್ಲಿ, ವಿದ್ಯಾರ್ಥಿ ತೋರಿಸಬೇಕಾದ ಜೀವನವೆಚ್ಚದ ಹಣವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಮಾಲು ದಾರಿಯಲ್ಲಿರುವಾಗಲೇ ಕರಾರು ಬದಲಾಗುವ ವ್ಯಾಪಾರ ಇದು.

ಹೋದ ಮೇಲೆ ಮತ್ತೊಂದು ಅತಿಚಾರ ಕಾದಿರುತ್ತದೆ. ಅಚೌರ್ಯಾಣುವ್ರತದಲ್ಲಿ ಅದರ ಹೆಸರು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆ ಮೀರುವುದು. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಯು ಪಾಠದ ದಿನಗಳಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. ಆಸ್ಟ್ರೇಲಿಯದಲ್ಲಿ ಹದಿನೈದು ದಿನಕ್ಕೆ 48 ತಾಸು. ಬ್ಯಾಂಕಿನಲ್ಲಿ ತೋರಿಸಿದ ಹಣ ನಿಜವಾಗಿ ಇಲ್ಲದ ಹುಡುಗ ಬದುಕುವುದು ಹೇಗೆ? ರಾತ್ರಿಯ ಅಂಗಡಿಯಲ್ಲಿ ಲೆಕ್ಕಕ್ಕೆ ಬಾರದ ಕೈಗೂಲಿ. ತಂದೆಯ ಕೂಟಲೇಖವೇ ಮಗನನ್ನು ಅಲ್ಲಿಗೆ ದೂಡುತ್ತದೆ. ಸಿಕ್ಕಿಬಿದ್ದರೆ ದೇಶ ಬಿಡಬೇಕಾದವನು ಮಗ, ತಂದೆಯಲ್ಲ.

1888ರಲ್ಲಿ ಮೋಹನದಾಸ ಗಾಂಧಿ ಇಂಗ್ಲೆಂಡಿಗೆ ಹೊರಟಾಗ ಜೈನ ಮುನಿ ಬೇಚರಜೀ ಸ್ವಾಮಿಯವರು ಮದ್ಯ, ಮಾಂಸ, ಸ್ತ್ರೀಸಂಗ ಬಿಡುವ ವ್ರತ ಕೊಟ್ಟರು. ನಾವೂ ಮಕ್ಕಳನ್ನು ಬಸದಿಗೆ ಕರೆತಂದು ಮೊಟ್ಟೆ, ಮಾಂಸ, ಮದ್ಯ ಮುಟ್ಟುವುದಿಲ್ಲವೆಂದು ಆಣೆ ಮಾಡಿಸುತ್ತೇವೆ. ತಾಯಿ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಡುತ್ತಾಳೆ. ಅದೇ ಪೆಟ್ಟಿಗೆಯಲ್ಲಿ ಸುಳ್ಳು ಕಾಗದಗಳ ಕಡತವೂ ಇರುತ್ತದೆ. ನಾಲಿಗೆ ಏನು ತಿನ್ನಬಾರದೆಂದು ಇಷ್ಟು ಎಚ್ಚರಿಸುವ ನಾವು, ಅದು ಏನು ಹೇಳಬಾರದೆಂಬ ಮಾತನ್ನೇ ಎತ್ತುವುದಿಲ್ಲ.

"ಇಲ್ಲಿ ಸೀಟು ಎಲ್ಲಿದೆ?" ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮದೇ ಜಿಲ್ಲೆಯ ಚಳಗೇರಿಯ ನವೀನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ 2022ರ ಮಾರ್ಚ್ 1ರಂದು ಯುದ್ಧದ ದಾಳಿಯಲ್ಲಿ ಮಡಿದನು. ಒಳ್ಳೆಯ ಅಂಕ ಪಡೆದರೂ ಇಲ್ಲಿ ಸೀಟು ಸಿಗದೆ ಹೋದನೆಂದು ತಂದೆ ಹೇಳಿದ್ದನ್ನು ನಾಡೆಲ್ಲ ಕೇಳಿತು. ಪ್ರಾಮಾಣಿಕವಾಗಿ ಹೋಗುವ ಮಕ್ಕಳಿಗೂ ದಾರಿ ಇಷ್ಟು ಕಠಿಣ. ಅವರಿಗೆ ನೆರವಾಗುವುದು ಸಮಾಜದ ಹೊಣೆಯೇ ಸರಿ.

ಹಾಗಾದರೆ ನಿಜವಾಗಿ ನೆರವಾಗೋಣ. ಜೈನರು 2014ರ ಜನವರಿಯಿಂದ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರು; ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶಿಕ್ಷಣ ಸಾಲಗಳ ಅರ್ಜಿ ತುಂಬಿಸಲು ಪ್ರತಿ ಬಸದಿಯಲ್ಲಿ ಒಬ್ಬರು ಕೂರಬಹುದು. ಉಳ್ಳವರು ವಿದ್ಯಾನಿಧಿ ಕೂಡಿಸಿ, ಓದು ಮುಗಿಯುವವರೆಗೆ ಕೇಳದ ಸಾಲವನ್ನು ಬರವಣಿಗೆಯಲ್ಲಿ ಕೊಡಬಹುದು. ಅಂಥ ಸಾಲಪತ್ರವನ್ನು ಯಾವ ರಾಯಭಾರ ಕಚೇರಿಯ ಮುಂದೆಯೂ ತಲೆಯೆತ್ತಿ ಇಡಬಹುದು. ದೇವದ್ರವ್ಯ ಮಾತ್ರ ಅದಕ್ಕೆ ಮೀಸಲಾದುದಲ್ಲ; ಸುಳ್ಳಿನ ಮೇಲೆ ಬಡ್ಡಿ ಗಳಿಸಲಂತೂ ಅಲ್ಲವೇ ಅಲ್ಲ.

ಅಂದಿನ ಸಭೆಯಲ್ಲಿ ವಿಷಯ ತೀರ್ಮಾನವಾಗಲಿಲ್ಲ, ಮುಂದಿನ ಸಭೆಗೆ ಇಟ್ಟರು. ಬಸದಿಯ ಹಣ ತೋರಿಕೆಗಾಗಿ ಯಾರ ಖಾತೆಗೂ ಹೋಗತಕ್ಕದ್ದಲ್ಲವೆಂಬ ಠರಾವಿನ ಕರಡು ಬರೆದು, ಸೂಚಕನೆಂದು ಸಹಿ ಹಾಕಿ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಅನುಮೋದಕರ ಸಹಿ ಇನ್ನೂ ಬಿದ್ದಿಲ್ಲ.