ಜೇಬಿನಲ್ಲಡಗುವ ಆಯುಧ

ಆತ್ಮರಕ್ಷಣೆಗೆಂದು ಆಯುಧವನ್ನು ಧರಿಸಹೊರಟವನು ಅದು ಎಷ್ಟು ಕಿರಿದಾದರೆ ಅಷ್ಟು ಮೇಲೆಂದು ಭಾವಿಸುವುದು ಯುಕ್ತವೇ ಎಂಬ ಪ್ರಶ್ನೆ, ಮೇಲ್ನೋಟಕ್ಕೆ ಬಂದೂಕಿನಂಗಡಿಯ ಗಿರಾಕಿಗಳಿಗೆ ಮಾತ್ರ ಸಂಬಂಧಿಸಿದುದಾಗಿ ಕಂಡರೂ, ವಿಚಾರಿಸಿ ನೋಡಿದಲ್ಲಿ ಮನುಷ್ಯನು ತನ್ನ ಭಯಕ್ಕೂ ತನ್ನ ಸೌಕರ್ಯಕ್ಕೂ ನಡುವೆ ಹೇಗೆ ಸಂಧಾನ ಮಾಡಿಕೊಳ್ಳುತ್ತಾನೆಂಬ ದೊಡ್ಡ ಪ್ರಶ್ನೆಯ ಒಂದು ಅಂಗವೇ ಆಗಿದೆ. ಇಂದು ಇದು ಅತ್ಯಂತ ಜೀವಂತವಾಗಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಸಾಮಾನ್ಯ ಗೃಹಸ್ಥನೊಬ್ಬನು ಉಡುಪಿನ ಮರೆಯಲ್ಲಿ ಪಿಸ್ತೂಲನ್ನಿಟ್ಟುಕೊಂಡು ಪೇಟೆಗೂ ಉದ್ಯಾನಕ್ಕೂ ಹೋಗಿಬರುವುದು ಅಲ್ಲಿನ ಅನೇಕ ರಾಜ್ಯಗಳಲ್ಲಿ ವಿಶೇಷವೆನಿಸದು. ಅಂಥವನ ಅನುಕೂಲಕ್ಕೆಂದೇ ಅಂಗೈಯಲ್ಲಿ ಅಡಗುವಂಥ ಪಿಸ್ತೂಲುಗಳು ತಯಾರಾಗುತ್ತವೆ. 2008ರಲ್ಲಿ ರೂಗರ್ ಸಂಸ್ಥೆಯವರು ಹೊರತಂದ ಎಲ್‌ಸಿಪಿ ಎಂಬುದು ತೋಟಾ ತುಂಬದಿರುವಾಗ ತೂಗುವುದು ಸುಮಾರು 266 ಗ್ರಾಂ; ಅದರ ನಳಿಗೆಯ ಉದ್ದ ಮೂರು ಅಂಗುಲಕ್ಕೂ ಕಡಮೆ. ಷರಾಯಿಯ ಜೇಬಿನಲ್ಲಿ ಅದು ಇದೆಯೆಂಬುದು ಎದುರಿನವನಿಗೆ ತಿಳಿಯದು, ಧರಿಸಿದವನಿಗೂ ಮರೆತುಹೋಗುವುದುಂಟು.

ಈ ಬಯಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫಿಲಡೆಲ್ಫಿಯ ನಗರದ ಹೆನ್ರಿ ಡೆರಿಂಜರ್ ಎಂಬ ಕುಶಲಿಯು ಒಂದೇ ಗುಂಡಿನ ಕಿರುಪಿಸ್ತೂಲುಗಳನ್ನು ಮಾಡಿ ಹೆಸರಾದನು; ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾನ್ ಮೋಸಸ್ ಬ್ರೌನಿಂಗನ ಕಲ್ಪನೆಯಿಂದ ಹುಟ್ಟಿ, 1908ರಿಂದ ಕೋಲ್ಟ್ ಸಂಸ್ಥೆಯವರು ಮಾರತೊಡಗಿದ .25 ಅಳತೆಯ ಪಿಸ್ತೂಲು ದೊಡ್ಡ ಮನುಷ್ಯರ ಒಳಗೋಟಿನ ಕಿಸೆಯಲ್ಲಿ ನೆಲೆಸಿತು. ಆದರೆ ಕಿರಿದಾದ ಆಯುಧದ ಚರಿತ್ರೆಗಿಂತ, ಅಡಗಿದ ಆಯುಧವನ್ನು ಕುರಿತ ಲೋಕಾಭಿಪ್ರಾಯದ ಚರಿತ್ರೆ ಹೆಚ್ಚು ಬೋಧಪ್ರದವಾಗಿದೆ. 1813ರಲ್ಲಿ ಕೆಂಟಕಿ ಮತ್ತು ಲೂಸಿಯಾನಾ ರಾಜ್ಯಗಳು ಆಯುಧವನ್ನು ಮರೆಸಿ ಧರಿಸುವುದನ್ನು ನಿಷೇಧಿಸಿದುವು. ಕೆಂಟಕಿಯ ನ್ಯಾಯಾಲಯವು 1822ರಲ್ಲಿ ಆ ಶಾಸನವನ್ನು ಅಸಿಂಧುಗೊಳಿಸಿತಾದರೂ, 1850ರಲ್ಲಿ ಆ ರಾಜ್ಯದ ಜನರು ತಮ್ಮ ಸಂವಿಧಾನವನ್ನೇ ಬದಲಿಸಿ, ಅಂಥ ನಿಷೇಧವನ್ನು ವಿಧಿಸುವ ಅಧಿಕಾರವನ್ನು ಶಾಸನಸಭೆಗೆ ಕೊಟ್ಟರು. ಅದೇ ವರ್ಷ ಲೂಸಿಯಾನಾದ ಶ್ರೇಷ್ಠ ನ್ಯಾಯಾಲಯವು, ಎಲ್ಲರ ಕಣ್ಣಿಗೂ ಬೀಳುವಂತೆ ಆಯುಧ ಧರಿಸುವುದು ಪೌರುಷಕ್ಕೆ ಒಪ್ಪುವುದು, ಮರೆಸಿ ಧರಿಸುವುದು ಗುಪ್ತಹತ್ಯೆಗೆ ಎಡೆಗೊಡುವುದು ಎಂಬರ್ಥದಲ್ಲಿ ತೀರ್ಪಿತ್ತಿತು. ಈ ಭಾವನೆ ನಮಗೆ ಅಪರಿಚಿತವಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆಗೊಳ್ಳುವ ಕೋವಿ ಮನೆಯವರೆಲ್ಲರ ಎದುರಿನಲ್ಲಿ ಇರುವಂಥದು. ಅದು ಮನೆಯಲ್ಲಿದೆಯೆಂಬುದನ್ನು ಊರೆಲ್ಲ ಬಲ್ಲದು, ಆ ಬಲ್ಲತನವೇ ಕೋವಿಯನ್ನು ಹಿಡಿದವನ ಮೇಲೆ ಒಂದು ಅಂಕುಶವಾಗಿರುತ್ತದೆ.

ಅಮೆರಿಕದಲ್ಲಿ ಈ ಅಭಿಪ್ರಾಯ ಇಂದು ತಲೆಕೆಳಗಾಗಿದೆ. 1987ರಲ್ಲಿ ಫ್ಲಾರಿಡಾ ರಾಜ್ಯವು, ಶಾಸನದಲ್ಲಿ ಹೇಳಿದ ಅರ್ಹತೆಗಳುಳ್ಳ ಯಾವನಿಗೇ ಆಗಲಿ ಮರೆಸಿ ಧರಿಸುವ ಪರವಾನಗಿಯನ್ನು ನಿರಾಕರಿಸಕೂಡದೆಂದು ವಿಧಿಸಿದ ಮೇಲೆ ಅನೇಕ ರಾಜ್ಯಗಳು ಅದನ್ನು ಅನುಸರಿಸಿದುವು. ಈಗ ಐವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಬೇಕಾಗಿಲ್ಲ. ವಿಶೇಷ ಕಾರಣವನ್ನು ತೋರಿಸಿದವರಿಗೆ ಮಾತ್ರ ಪರವಾನಗಿ ಎಂಬ ನ್ಯೂಯಾರ್ಕಿನ ಹಳೆಯ ನಿಯಮವನ್ನು ಅಮೆರಿಕದ ಪರಮೋಚ್ಚ ನ್ಯಾಯಾಲಯವು 2022ರಲ್ಲಿ ತೆಗೆದುಹಾಕಿತು. ಸೊಂಟದಲ್ಲಿ ಕಾಣುವಂತೆ ಪಿಸ್ತೂಲು ತೂಗಿಸಿಕೊಂಡು ಬಂದವನನ್ನು ಕಂಡು ಜನ ಗಾಬರಿಗೊಳ್ಳುತ್ತಾರೆ, ಮರೆಸಿಟ್ಟುಕೊಂಡವನು ಸಭ್ಯನೆನಿಸುತ್ತಾನೆ. ಮರೆಸುವುದು ಮರ್ಯಾದೆಯಾದ ಮೇಲೆ, ಮರೆಸಲು ಸುಲಭವಾದುದೇ ಉತ್ತಮ ಆಯುಧವೆಂಬ ಭಾವನೆ ಬೆಳೆದುದು ಸಹಜ. ನಾನು ಒಪ್ಪಲಾರದಿರುವುದು ಈ ಭಾವನೆಯನ್ನೇ.

ಕಿರುಪಿಸ್ತೂಲು ಯಾರ ಕೈಯಲ್ಲಿ ತನ್ನ ಕೆಲಸವನ್ನು ಪೂರ್ಣವಾಗಿ ನೆರವೇರಿಸಿದೆಯೆಂಬುದನ್ನು ಚರಿತ್ರೆಯಲ್ಲಿ ಹುಡುಕಿದರೆ ಮನಸ್ಸು ಕುಗ್ಗುತ್ತದೆ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಲಿಂಕನ್ನನ ತಲೆಯ ಹಿಂದೆ ಸಿಡಿದುದು ಡೆರಿಂಜರನು ಮಾಡಿದ ಒಂದೇ ಗುಂಡಿನ ಪಿಸ್ತೂಲು. 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯದ ಯುವರಾಜ ದಂಪತಿಗಳನ್ನು ಕೊಂದುದು ಬ್ರೌನಿಂಗನ ಕಲ್ಪನೆಯ, .380 ಅಳತೆಯ ಪಿಸ್ತೂಲು. 1948ರ ಜನವರಿ 30ರ ಸಂಜೆ ದಿಲ್ಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ನಡೆದುಬರುತ್ತಿದ್ದ ಗಾಂಧೀಜಿಯವರ ಎದೆಗೆ ಮೂರು ಗುಂಡುಗಳನ್ನಿಟ್ಟುದು ಇಟಲಿಯ ಬೆರೆಟ್ಟಾ. ಅದರ ತೋಟಾ ಅದೇ .380. ಇಂದಿನ ಎಲ್‌ಸಿಪಿ ಹಾರಿಸುವುದೂ ಅದನ್ನೇ. ಈ ಮೂರು ಘಟನೆಗಳಲ್ಲಿಯೂ ಕಿರಿದುತನ ಆಯುಧಕ್ಕೆ ಕೊರತೆಯಾಗಲಿಲ್ಲ. ಏಕೆಂದರೆ ಹೊಂಚಿ ಬಂದವನಿಗೆ ಸಾಮೀಪ್ಯವಿತ್ತು, ನಿಶ್ಚಯವಿತ್ತು, ಮೊದಲನೆಯ ಗುಂಡು ಅವನದಾಗಿತ್ತು. ರಕ್ಷಿಸಿಕೊಳ್ಳುವವನ ಸ್ಥಿತಿ ಇದಕ್ಕೆ ನೇರವಾಗಿ ವಿರುದ್ಧವಾದುದು. ಹೊತ್ತನ್ನು ಗೊತ್ತುಮಾಡುವವನು ಅವನಲ್ಲ; ಎಷ್ಟು ದೂರದಿಂದ, ಎಷ್ಟು ಮಂದಿಯ ನಡುವೆ, ಎಂಥ ಬೆಳಕಿನಲ್ಲಿ ತಾನು ಗುರಿಯಿಡಬೇಕಾದೀತೆಂಬುದು ಅವನಿಗೆ ಗೊತ್ತಿಲ್ಲ; ಅವನ ಕೈ ನಡುಗುತ್ತಿರುತ್ತದೆ. ಅಡಗುವ ಗುಣ ಆಕ್ರಮಿಸುವವನಿಗೆ ಪೂರ್ಣಲಾಭ. ರಕ್ಷಿಸಿಕೊಳ್ಳುವವನಿಗೆ ಆಯುಧವನ್ನು ಹೊತ್ತು ತಿರುಗುವ ಸಾವಿರ ಗಂಟೆಗಳಲ್ಲಿ ಲಾಭ, ಅದನ್ನು ಹೊರತೆಗೆಯಬೇಕಾದ ಐದಾರು ಕ್ಷಣಗಳಲ್ಲಿ ನಷ್ಟ.

ಈ ನಷ್ಟ ಹೇಗೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು, ಏಕೆಂದರೆ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತವನ ಕಣ್ಣಿಗೆ ಇದು ಕಾಣುವಂತಿಲ್ಲ. ಗುಂಡು ಎಷ್ಟು ಸಂವೇಗದಿಂದ ಮುಂದಕ್ಕೆ ಹಾರುವುದೋ ಅಷ್ಟೇ ಸಂವೇಗದಿಂದ ಪಿಸ್ತೂಲು ಹಿಂದಕ್ಕೆ ಒದೆಯತಕ್ಕದ್ದು. ಹರಿಗೋಲಿನಿಂದ ದಡಕ್ಕೆ ನೆಗೆದಾಗ ಅದು ಹಗುರವಾಗಿದ್ದಷ್ಟೂ ಹಿಂದಕ್ಕೆ ಜೋರಾಗಿ ಸರಿಯುವಂತೆ, ಹಗುರವಾದ ಪಿಸ್ತೂಲು ಕೈಯಲ್ಲಿ ಹೆಚ್ಚು ರಭಸದಿಂದ ಪುಟಿಯುತ್ತದೆ. ಮೇಲೆ ಹೇಳಿದ ಬೆರೆಟ್ಟಾದ ತೂಕ ಸುಮಾರು 660 ಗ್ರಾಂ. ಅದರ ತೋಟಾವನ್ನೇ 266 ಗ್ರಾಮಿನ ಪಿಸ್ತೂಲಿನಿಂದ ಹಾರಿಸಿದರೆ ಕೈಗೆ ತಗಲುವ ಒದೆತದ ಶಕ್ತಿ ಸುಮಾರು ಎರಡೂವರೆಪಟ್ಟು. ಇದನ್ನು ತಡೆಯಬೇಕಾದ ಹಿಡಿಯಾದರೂ ಎರಡೇ ಬೆರಳುಗಳಿಗೆ ಸಾಲುವಷ್ಟಿದ್ದು, ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಇನ್ನು ಗುರಿಯ ವಿಚಾರ. ನಳಿಗೆಯ ಮೇಲೆ ಹಿಂದೊಂದು ಮುಂದೊಂದು ಇರುವ ಗುರಿಯ ಗುರುತುಗಳ ನಡುವಣ ಅಂತರ 17 ಸೆಂಟಿಮೀಟರ್ ಆಗಿದ್ದು, ಮುಂದಿನ ಗುರುತು ಒಂದು ಮಿಲಿಮೀಟರಿನಷ್ಟು ಓರೆಯಾದರೆ, ಹತ್ತು ಮೀಟರ್ ದೂರದಲ್ಲಿ ಗುಂಡು ಆರು ಸೆಂಟಿಮೀಟರ್ ತಪ್ಪುತ್ತದೆ. ಅದೇ ಅಂತರ 9 ಸೆಂಟಿಮೀಟರಿಗೆ ಇಳಿದರೆ ತಪ್ಪು ಹನ್ನೊಂದು ಸೆಂಟಿಮೀಟರಿಗೆ ಏರುತ್ತದೆ. ಕೈಯ ದೋಷ ಒಂದೇ, ದಂಡ ಮಾತ್ರ ಹೆಚ್ಚು. ತಪ್ಪಿದ ಗುಂಡು ಎಲ್ಲಿಗಾದರೂ ಹೋಗಲೇಬೇಕು, ಯಾರಿಗಾದರೂ ತಗಲಬಹುದು ಎಂಬುದನ್ನು ನೆನೆದಾಗ, ಈ ಐದು ಸೆಂಟಿಮೀಟರುಗಳ ವ್ಯತ್ಯಾಸ ಕೇವಲ ಗಣಿತವಾಗಿ ಉಳಿಯುವುದಿಲ್ಲ.

ನಳಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡಿನ ಕಥೆ ಇನ್ನೂ ಶೋಚನೀಯ. ಸ್ಲೈಡ್ ಹಗುರವಾದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗು ಬಿಗಿಯಾಗಿರಬೇಕಾಗುತ್ತದೆ. ಆದುದರಿಂದ ಸಂಧಿವಾತದ ವೃದ್ಧರಿಗೂ ಸಣ್ಣ ಕೈಗಳ ಹೆಂಗಸರಿಗೂ ಹೇಳಿಮಾಡಿಸಿದುದೆಂದು ತೋರಿಸುವ ಪಿಸ್ತೂಲಿನ ಸ್ಲೈಡನ್ನು ಹಿಂದಕ್ಕೆಳೆಯುವುದೇ ಅನೇಕ ವೇಳೆ ಅವರಿಂದಾಗದು. ಬೆರೆಟ್ಟಾದವರ ಕೆಲವು ಕಿರುಪಿಸ್ತೂಲುಗಳಲ್ಲಿ ನಳಿಗೆಯ ಹಿಂತುದಿ ಮೇಲಕ್ಕೇಳುವಂತೆ ಮಾಡಿ, ತೋಟಾವನ್ನು ನೇರವಾಗಿ ಅಲ್ಲಿಯೇ ಇಡುವ ಏರ್ಪಾಡಿರುವುದು ಈ ಕಷ್ಟವನ್ನು ಬಲ್ಲವರ ವಿವೇಕಕ್ಕೆ ಸಾಕ್ಷಿ. ಒದೆತಕ್ಕೆ ಅಂಜಿ .22 ಅಳತೆಗೆ ಇಳಿಯುವವರಿದ್ದಾರೆ. ಆ ತೋಟಾದಲ್ಲಿ ಕಿಡಿಮದ್ದು ಅಂಚಿನ ಒಳಗೆ ಹರಡಿರುವುದರಿಂದ ಅದು ಹೊತ್ತದೆ ಉಳಿಯುವ ಸಂಭವ ಹೆಚ್ಚು. ಗುಂಡಿನ ಪರಿಣಾಮದ ಮಾತನ್ನು ನಾನು ಚುಟುಕಾಗಿ ಮುಗಿಸುತ್ತೇನೆ. 1986ರಲ್ಲಿ ಮಿಯಾಮಿ ನಗರದಲ್ಲಿ ನಡೆದ ಘೋರವಾದ ಕಾಳಗವೊಂದರಲ್ಲಿ ತನ್ನ ಇಬ್ಬರು ಅಧಿಕಾರಿಗಳನ್ನು ಕಳೆದುಕೊಂಡ ಎಫ್‌ಬಿಐ, ಆ ಬಳಿಕ ಪರೀಕ್ಷೆಯ ಜಿಲಾಟಿನ್ ಗಟ್ಟಿಯಲ್ಲಿ ಗುಂಡು 12ರಿಂದ 18 ಅಂಗುಲ ಒಳಹೊಗಬೇಕೆಂಬ ಮಾನದಂಡವನ್ನಿಟ್ಟುಕೊಂಡಿತು. ಗಿಡ್ಡ ನಳಿಗೆಯಿಂದ ಹೊರಟ .380 ಗುಂಡು ಅರಳಿದರೆ ಆಳಕ್ಕಿಳಿಯದೆ, ಆಳಕ್ಕಿಳಿದರೆ ಅರಳದೆ, ಆ ಮಾನದಂಡದ ಅಂಚಿನಲ್ಲಿಯೇ ಹೊಯ್ದಾಡುತ್ತಿರುತ್ತದೆ.

ಕಿರುಪಿಸ್ತೂಲಿನ ಪಕ್ಷದವರ ವಾದವನ್ನು ಲಘುವಾಗಿ ಎಣಿಸುವಂತಿಲ್ಲ. ಒಂದು ಕಿಲೋಗ್ರಾಂ ತೂಗುವ ಉತ್ತಮ ಪಿಸ್ತೂಲು ಮನೆಯ ಬೀರುವಿನಲ್ಲಿ ಮಲಗಿದ್ದರೆ ಬೀದಿಯಲ್ಲಿ ಅಪಾಯಕ್ಕೆ ಸಿಲುಕಿದವನಿಗೆ ಅದರಿಂದ ಏನು ಫಲ ಎಂದು ಅವರು ಕೇಳುತ್ತಾರೆ. ಫ್ಲಾರಿಡಾ ಟೆಕ್ಸಸ್‌ಗಳ ಬೇಸಗೆಯಲ್ಲಿ ತೆಳುವಾದ ಅಂಗಿಯೊಂದನ್ನೇ ತೊಟ್ಟವನು ದೊಡ್ಡ ಆಯುಧವನ್ನು ಎಲ್ಲಿ ಮರೆಸಬೇಕು? ಹೆಂಗಸರ ಉಡುಪಿಗೆ ನಡುಪಟ್ಟಿಯಾಗಲಿ ಜೇಬಾಗಲಿ ಇರುವುದೇ ಅಪರೂಪ. ಇವೆಲ್ಲ ಸತ್ಯವೇ. ನಮ್ಮ ದೇಶದಲ್ಲಿಯೂ 2014ರಲ್ಲಿ ಕಾನ್ಪುರದ ಸರಕಾರೀ ಕಾರ್ಖಾನೆಯು ಮುಖ್ಯವಾಗಿ ಹೆಂಗಸರಿಗೆಂದು ನಿರ್ಭೀಕ್ ಎಂಬ .32 ಅಳತೆಯ ರಿವಾಲ್ವರನ್ನು ಹೊರತಂದಿತು; ದಿಲ್ಲಿಯಲ್ಲಿ ಅತ್ಯಾಚಾರಕ್ಕೆ ಬಲಿಯಾಗಿ ‘ನಿರ್ಭಯಾ’ ಎನಿಸಿಕೊಂಡ ಹೆಣ್ಣುಮಗಳ ದುರಂತದ ನೆನಪು ಆ ಹೆಸರಿನ ಹಿಂದಿತ್ತು, ಅದರ ತೂಕ ಸುಮಾರು ಅರ್ಧ ಕಿಲೋಗ್ರಾಂ. ಅಂಜಿಕೆ ನಿಜವಾದುದು, ಅದಕ್ಕೆ ಉತ್ತರ ಬೇಡುವ ಹಕ್ಕೂ ನಿಜವಾದುದು. ಆದರೆ ಹಗುರವಾದುದನ್ನು ಕೊಂಡೊಡನೆ ಉತ್ತರ ದೊರೆತುಬಿಟ್ಟಿತೆಂದು ಭಾವಿಸುವುದು, ಆಯುಧವನ್ನು ಹೊರುವುದಕ್ಕೂ ಪ್ರಯೋಗಿಸುವುದಕ್ಕೂ ಇರುವ ಅಂತರವನ್ನು ಮರೆತಂತೆ. ಕಿರುಪಿಸ್ತೂಲಿಗೆ ದೊಡ್ಡದಕ್ಕಿಂತ ಹೆಚ್ಚು ಅಭ್ಯಾಸ ಬೇಕು. ಕೈಗೆ ನೋವಾಗುವುದರಿಂದ ಅದರಲ್ಲಿ ಅಭ್ಯಾಸ ಮಾಡುವವರು ಕಡಮೆ. ಪರವಾನಗಿ ತೊಲಗಿದ ರಾಜ್ಯಗಳಲ್ಲಿ ಯಾರೂ ಅಭ್ಯಾಸವನ್ನು ಕಡ್ಡಾಯವಾಗಿ ಕೇಳುವುದೂ ಇಲ್ಲ. ಅತ್ಯಂತ ನುರಿತವನಿಗೆ ತಕ್ಕುದಾದ ಆಯುಧ ಅತ್ಯಂತ ಅನನುಭವಿಯ ಕೈಗೆ ಸೇರುವ ಈ ವೈಪರೀತ್ಯವೇ ನನ್ನ ವ್ಯಥೆಗೆ ಕಾರಣ.

ಆದುದರಿಂದ, ಧರಿಸಲೇಬೇಕೆಂಬ ಕಾರಣವುಳ್ಳವನು ತನಗೆ ಮರೆಸಲು ಸಾಧ್ಯವಾದ ಆಯುಧಗಳಲ್ಲಿ ಅತ್ಯಂತ ಕಿರಿದಾದುದನ್ನಲ್ಲ, ಅತ್ಯಂತ ದೊಡ್ಡದನ್ನು ಆರಿಸಿಕೊಳ್ಳತಕ್ಕದ್ದೆಂದು ನನ್ನ ಮತ. 2018ರಲ್ಲಿ ಸಿಗ್ ಸಾವರ್ ಸಂಸ್ಥೆಯ ಪಿ365 ಬಂದ ಮೇಲೆ, ಅರ್ಧ ಕಿಲೋಗ್ರಾಮಿನಷ್ಟೇ ತೂಗಿ, ಒಂಬತ್ತು ಮಿಲಿಮೀಟರಿನ ಹತ್ತು ತೋಟಾಗಳನ್ನು ಮ್ಯಾಗಜಿನ್ನಿನಲ್ಲಿ ಹಿಡಿಸುವ ಪಿಸ್ತೂಲುಗಳು ದೊರೆಯುತ್ತಿರುವುದರಿಂದ, ಅದಕ್ಕೂ ಕೆಳಗಿಳಿಯುವವನು ತನ್ನ ಕಾರಣವನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಜೇಬೇ ಗತಿಯೆನ್ನುವವನಿಗೆ ಐದು ಗುಂಡಿನ ಸಣ್ಣ ರಿವಾಲ್ವರ್ ಇಂದಿಗೂ ಹೀನವಲ್ಲ. ಅದರಲ್ಲಿ ಎಳೆಯಬೇಕಾದ ಸ್ಲೈಡಿಲ್ಲ, ಜೇಬಿನ ನೂಲುಧೂಳಿಗೆ ಅದು ಬೇಗನೆ ಮುನಿಯುವುದಿಲ್ಲ. ಯಾವುದನ್ನೇ ಆಗಲಿ, ಕೊಳ್ಳುವ ಮೊದಲು ಬಾಡಿಗೆಗೆ ಪಡೆದು, ಐವತ್ತು ಗುಂಡುಗಳನ್ನು ಮೈ ಮುದುಡದೆ ಹಾರಿಸಬಲ್ಲೆನೇ ಎಂದು ನೋಡಬೇಕು. ಟ್ರಿಗರನ್ನು ಪೂರ್ಣವಾಗಿ ಮುಚ್ಚುವ ಒರೆಯಿಲ್ಲದೆ, ಬೀಗದಕೈ ನಾಣ್ಯಗಳ ಜೊತೆಯಲ್ಲಿ ಅದನ್ನು ಜೇಬಿಗಿಳಿಸುವುದು ಅಕ್ಷಮ್ಯ.

ಈ ಚರ್ಚೆ ಕನ್ನಡಿಗರಿಂದ ದೂರದ್ದೇನಲ್ಲ. ತಾತ್ಕಾಲಿಕ ಉದ್ಯೋಗದ ವೀಸಾದ ಮೇಲೆ ಅಮೆರಿಕದಲ್ಲಿರುವವನು ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಬಂದೂಕನ್ನು ಇಟ್ಟುಕೊಳ್ಳುವುದನ್ನೇ ಅಲ್ಲಿನ ಕೇಂದ್ರ ಶಾಸನ ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ದೊರೆತ ದಿನದಿಂದ ಆ ನಿಷೇಧ ಅವನಿಗಿಲ್ಲ. ಡಲ್ಲಾಸಿನಲ್ಲಿಯೋ ಹ್ಯೂಸ್ಟನ್ನಿನಲ್ಲಿಯೋ ಮನೆ ಮಾಡಿದ ನಮ್ಮವನೊಬ್ಬನು, ನೆರೆಯವರಲ್ಲಿ ಅನೇಕರು ಧರಿಸುವುದನ್ನು ಕಂಡು ತಾನೂ ಒಂದನ್ನು ತರಬೇಕೆಂದು ಯೋಚಿಸುವ ಮನೆಯಲ್ಲಿ, ಊರಿನಿಂದ ಆರು ತಿಂಗಳಿಗೆಂದು ಬಂದಿರುವ ತಾಯಿತಂದೆಗಳಿರುತ್ತಾರೆ, ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ಪಿಸ್ತೂಲು ಜೇಬಿನಲ್ಲಿರುವಾಗಿನದಕ್ಕಿಂತ ಜೇಬಿನಿಂದ ಹೊರಬಂದ ಹೊತ್ತಿನಲ್ಲಿ, ರಾತ್ರಿ ಮೇಜಿನ ಮೇಲೆ, ಕಾರಿನ ಖಾನೆಯಲ್ಲಿ, ಕೈಚೀಲದಲ್ಲಿ ಹೆಚ್ಚು ಅಪಾಯಕಾರಿ. ಎಲ್ಲೆಂದರಲ್ಲಿ ಇಟ್ಟು ಮರೆಯಲು ಅನುವಾಗುವುದು ಅದರ ಕಿರಿದುತನವೇ. 2014ರ ಕೊನೆಯಲ್ಲಿ ಐಡಾಹೋ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗುವೊಂದು ತಾಯಿಯ ಕೈಚೀಲದಲ್ಲಿದ್ದ ಪಿಸ್ತೂಲಿಗೆ ಕೈಹಾಕಿ, ಸಿಡಿದ ಗುಂಡಿಗೆ ತಾಯಿಯೇ ಬಲಿಯಾದಳು. ಆ ದೇಶದಲ್ಲಿ ಬಂದೂಕಿನಿಂದ ಸಂಭವಿಸುವ ಮರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೆಂಬುದನ್ನೂ, ಆಯ್ಕೆಯ ಮಾತೆತ್ತುವವನು ಮನೆಯವರ ಮುಖಗಳನ್ನೊಮ್ಮೆ ನೆನೆದು ಎಣಿಕೆಗೆ ತಂದುಕೊಳ್ಳಬೇಕು. ಕೊಳ್ಳುವುದೇ ನಿಶ್ಚಯವಾದರೆ, ಗೋಡೆಗೋ ನೆಲಕ್ಕೋ ಬಿಗಿದು ಬೀಗ ಹಾಕುವ ಉಕ್ಕಿನ ಪೆಟ್ಟಿಗೆಯೊಂದನ್ನು ಮೊದಲು ಕೊಂಡು ನೆಲೆಗೊಳಿಸಲಿ. ಎರಡಕ್ಕೂ ಹಣ ಸಾಲದಿದ್ದಲ್ಲಿ ಪಿಸ್ತೂಲು ಇನ್ನೂ ಕೆಲವು ತಿಂಗಳು ಅಂಗಡಿಯಲ್ಲಿಯೇ ಇರಲಿ.