ಬಾಲ್ಕನಿಗೆ ಬಂತು ಊರಿನ ರೈಲು



“ಹವ್ಯಾಸವೇನೋ ಚೆನ್ನಾಗಿದೆ, ಆದರೆ ಮುಂಬಯಿ ಮನೆಯಲ್ಲಿ ಜಾಗವೆಲ್ಲಿ?” ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಇದು. ಅದಕ್ಕೇ ಈ ಸಲ ಅತಿ ಹೆಚ್ಚು ಜಾಗ ಬೇಡುತ್ತದೆಂದು ಹೆಸರಾದ ಹವ್ಯಾಸವನ್ನೇ ಆರಿಸಿದ್ದೇನೆ: ಮನೆಯ ಹೊರಗೆ ಓಡಿಸುವ ಮಾದರಿ ರೈಲು. ಬಟ್ಟೆ ಒಣಗುವ, ತುಳಸಿ ಕುಂಡವಿರುವ ನಿಮ್ಮ ಬಾಲ್ಕನಿಯೇ ಇದಕ್ಕೆ ಸಾಕು.

ಜರ್ಮನಿಯ ನ್ಯೂರೆಂಬರ್ಗಿನ ಲೆಹ್ಮನ್ ಕಂಪನಿ 1968ರಲ್ಲಿ ಮಳೆಬಿಸಿಲಿಗೆ ಅಂಜದ ‘ಎಲ್‌ಜಿಬಿ’ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಅದರ ಎರಡು ಹಳಿಗಳ ನಡುವೆ 45 ಮಿ.ಮೀ. ಅಂತರ. ಅದರ ಅತಿ ಚಿಕ್ಕ ವೃತ್ತಕ್ಕೂ 1.2 ಮೀಟರ್ ಅಗಲ ಬೇಕು. ನಮ್ಮ ಬಾಲ್ಕನಿಗೆ ಅದು ದೊಡ್ಡದಾಯಿತು. ಹಾಗಾದರೆ ಗಾಡಿ ದುಂಡಗೆ ಸುತ್ತಲೇಬೇಕೆಂಬ ಆಸೆ ಬಿಟ್ಟುಬಿಡಿ. ಐದಾರು ಅಡಿ ಉದ್ದ, ಒಂದಡಿ ಅಗಲದ ಒಂದು ಹಲಗೆಯ ಮೇಲೆ ಗೂಡ್ಸ್ ಯಾರ್ಡ್ ಕಟ್ಟಿ.

ಬ್ರಿಟನ್ನಿನ ಅಲನ್ ರೈಟ್ ಎಂಬುವರು ‘ಇಂಗಲ್‌ನುಕ್’ ಎಂಬ ಸೊಗಸಾದ ಶಂಟಿಂಗ್ ಒಗಟನ್ನು ರೂಪಿಸಿದ್ದಾರೆ. ಮೂರು ಹಳಿಗಳು, ಒಂದರಲ್ಲಿ ಐದು ವ್ಯಾಗನ್ ನಿಲ್ಲುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಇಂಜಿನ್ ಹಿಂದೆಮುಂದೆ ಆಡುವ ಹಳಿಯಲ್ಲಿ ಇಂಜಿನ್ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್‌ಗಳಲ್ಲಿ ಐದನ್ನು ಚೀಟಿ ಎತ್ತಿ, ಬಂದ ಕ್ರಮದಲ್ಲೇ ಜೋಡಿಸಬೇಕು. ಹೀಗೆ 6720 ಬಗೆಯ ಗಾಡಿ ಕಟ್ಟಬಹುದು. ಬೇಸರ ಬರುವುದುಂಟೆ?

ಯಾವ ರೈಲು ಕಟ್ಟೋಣ? ನಿಮ್ಮ ತಂದೆತಾಯಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆಯವರಾದರೆ ಮಿರಜದ ಬಗ್ಗೆ ಕೇಳಿ ನೋಡಿ. 1970, 80ರ ದಶಕಗಳಲ್ಲಿ ಮುಂಬಯಿಯಿಂದ ಬ್ರಾಡ್ ಗೇಜ್ ಗಾಡಿಯಲ್ಲಿ ಅಲ್ಲಿಗೆ ಬಂದು, ಟ್ರಂಕು, ಹಾಸಿಗೆ, ಮಕ್ಕಳ ಸಮೇತ ಮೀಟರ್ ಗೇಜ್ ಗಾಡಿಗೆ ಬದಲಾಯಿಸಬೇಕಿತ್ತು. ಪಂಢರಪುರ ಕಡೆಯ ನ್ಯಾರೋ ಗೇಜ್ ಕೂಡ ಅಲ್ಲೇ ಸೇರುತ್ತಿತ್ತು. ಮೂರೂ ಅಳತೆಯ ಹಳಿ ಒಂದೇ ಊರಿನಲ್ಲಿ! 1990ರ ದಶಕದಲ್ಲಿ ಹುಬ್ಬಳ್ಳಿ ಮಾರ್ಗವೂ ಬ್ರಾಡ್ ಗೇಜ್ ಆಯಿತು.

ಆ ಮೀಟರ್ ಗೇಜನ್ನು ನೀವು ಮತ್ತೆ ಹಾಸಬಹುದು. ‘ಎಚ್‌ಓ’ ಮಾದರಿ ಹಳಿಯ ಅಂತರ 16.5 ಮಿ.ಮೀ. ಒಂದು ಮೀಟರನ್ನು 60ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆದ್ದರಿಂದ ಡಬ್ಬಿ, ಸ್ಟೇಷನ್, ನೀರಿನ ಟ್ಯಾಂಕು ಎಲ್ಲವನ್ನೂ ಅಸಲಿನ 60ರಲ್ಲಿ ಒಂದು ಪಾಲಿನಂತೆ ರಟ್ಟಿನಲ್ಲಿ ಮಾಡಿ, ಮೇಲೆ ವಾರ್ನಿಷ್ ಹಚ್ಚಿ. ದವನದ ಗಿಡ ನೆಟ್ಟರೆ ಮರದಂತೆ ಕಾಣುತ್ತದೆ.

ಕೆಲವು ಎಚ್ಚರಿಕೆಗಳು. ಬಾಲ್ಕನಿಯ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ರಸಮಟ್ಟ ಇಟ್ಟು ಹಲಗೆಯನ್ನು ಸಮ ಮಾಡಿ. ಉಕ್ಕಿನ ಹಳಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯದು ವಾಸಿ. ಆದರೆ ಎರಡು ಮೀಟರ್ ಹಿತ್ತಾಳೆ ಹಳಿ 30 ಡಿಗ್ರಿ ಹೆಚ್ಚು ಬಿಸಿಯಾದರೆ ಒಂದು ಮಿ.ಮೀ.ಗಿಂತ ತುಸು ಹೆಚ್ಚೇ ಬೆಳೆಯುತ್ತದೆ. ಸಂದು ಬಿಡದಿದ್ದರೆ ಹಳಿ ಡೊಂಕಾದೀತು; ಪ್ರತಿ ಜೋಡಣೆಯಲ್ಲೂ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದಿರಲಿ. ರೈಲಿಗೆ 12 ವೋಲ್ಟ್ ಸಾಕು. ಟ್ರಾನ್ಸ್‌ಫಾರ್ಮರ್ ಮಾತ್ರ ಒಳಗಿನ ಕೋಣೆಯಲ್ಲೇ ಇರಲಿ. ಕಟ್ಟೆಯ ಮೇಲೆ ಹಲಗೆ ಇಡಬೇಡಿ, ಕೆಳಗೆ ಜನ ಓಡಾಡುತ್ತಾರೆ. ಮಳೆಗಾಲದಲ್ಲಿ ಹಲಗೆ ಮಂಚದ ಕೆಳಗೆ ಸೇರಲಿ.

ಹಳಿ, ಇಂಜಿನ್ ಅಂಗಡಿಯಲ್ಲಿ ಸಿಗುತ್ತವೆ. ಊರಿನ ಸ್ಟೇಷನ್ನಿನಲ್ಲಿ ಬೇವಿನ ಮರ ಎಲ್ಲಿತ್ತು, ಚಹಾದವನು ಯಾವ ಕಡೆ ನಿಲ್ಲುತ್ತಿದ್ದ, ಜಟಕಾ ಎಲ್ಲಿ ಕಾಯುತ್ತಿತ್ತು ಎಂಬುದು ಯಾವ ಅಂಗಡಿಯಲ್ಲೂ ಸಿಗದು. ಅದು ಅಜ್ಜ, ಅಜ್ಜಿ, ಅಪ್ಪ, ಅಮ್ಮನ ನೆನಪಿನಲ್ಲಿದೆ. ಅವರಿರುವಾಗಲೇ ಕಾಗದ ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತು ಕೇಳಿ, ನಕ್ಷೆ ಬರೆಸಿಕೊಳ್ಳಿ. ಕೊನೆಗೆ ಹಳದಿ ಬೋರ್ಡಿನ ಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ನೀವೇ ಬರೆಯಿರಿ. ಕಾಗುಣಿತ ತಪ್ಪಿದರೆ ತಿದ್ದಲು ಅವರಿದ್ದಾರೆ.

ಹಲಗೆ ಸಿದ್ಧವಾದಾಗ ಫೋಟೋ ಕಳಿಸುತ್ತೀರಲ್ಲ?