ಅಡಿಕೆಯ ದರವೂ ಬರ್ಮಾ ಗಡಿಯ ಬೇಲಿಯೂ

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಿಂದ ಹೊಸನಗರ, ಸಾಗರಗಳವರೆಗೆ ಹಬ್ಬಿರುವ ಅಡಿಕೆ ಸೀಮೆಗೆ ಮ್ಯಾನ್ಮಾರ್ (ಹಿಂದಿನ ಬರ್ಮಾ) ದೇಶದ ಅಂತರ್ಯುದ್ಧ ದೂರದ ಸುದ್ದಿಯಾಗಿ ಉಳಿದಿಲ್ಲ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಯ ದರ ಇಳಿದಾಗಲೆಲ್ಲ ‘ಬರ್ಮಾ ಅಡಿಕೆ’ಯ ಹೆಸರು ಸಹಕಾರ ಸಂಘಗಳ ಸಭೆಗಳಲ್ಲಿ, ಪತ್ರಿಕಾ ಹೇಳಿಕೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ ಕೇಳಿಬರುತ್ತದೆ, ಅದರ ಬೆನ್ನಿಗೇ ಈಶಾನ್ಯದ ಗಡಿ ತೆರೆದ ಬಾಗಿಲಾಗಿದೆ, ಅಲ್ಲಿಂದ ನುಸುಳುಕೋರರೂ ಕಳ್ಳ ಅಡಿಕೆಯೂ ಒಟ್ಟಿಗೆ ಒಳಬರುತ್ತಿದ್ದಾರೆ, ಉದ್ದಕ್ಕೂ ಬೇಲಿ ಹಾಕಿದರೆ ಮಲೆನಾಡಿನ ತೋಟ ಉಳಿಯುತ್ತದೆ ಎಂಬ ವಾದವೂ ಮುಂದಾಗುತ್ತದೆ. ಕಳ್ಳ ಅಡಿಕೆ ಬರುತ್ತಿದೆಯೆಂಬುದು ನಿಜ, ಅದರಿಂದ ಬೆಳೆಗಾರರಿಗೆ ನಷ್ಟವಾಗುತ್ತಿದೆಯೆಂಬುದೂ ನಿಜ. ಆದರೆ ಆ ನಷ್ಟವನ್ನು ಬೇಲಿಯ ರಾಜಕಾರಣಕ್ಕೆ ಜೋಡಿಸುವ ಭಾಗ ಸುಳ್ಳು, ಮತ್ತು ಆ ಸುಳ್ಳಿನ ಬೆಲೆಯನ್ನು ಕೊನೆಗೆ ಬೆಳೆಗಾರರೇ ತೆರಬೇಕಾಗುತ್ತದೆ.

ಮೊದಲು ಯುದ್ಧದ ಕಾರಣವನ್ನು ನೋಡಬೇಕು. 1947ರ ಫೆಬ್ರವರಿ 12ರಂದು ಬರ್ಮಾದ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಅವರು ಶಾನ್, ಕಚಿನ್ ಮತ್ತು ಚಿನ್ ಜನಾಂಗಗಳ ಮುಖಂಡರೊಡನೆ ಪಾಂಗ್ಲಾಂಗ್ ಎಂಬಲ್ಲಿ ಮಾಡಿಕೊಂಡ ಒಪ್ಪಂದವು ಗುಡ್ಡಗಾಡು ಪ್ರದೇಶಗಳಿಗೆ ಆಂತರಿಕ ಆಡಳಿತದಲ್ಲಿ ಸ್ವಾಯತ್ತತೆಯ ಭರವಸೆ ಕೊಟ್ಟಿತ್ತು. ಅದೇ ವರ್ಷ ಜುಲೈ 19ರಂದು ಆಂಗ್ ಸಾನ್ ಅವರ ಕೊಲೆಯಾಯಿತು. 1948ರ ಜನವರಿಯಲ್ಲಿ ದೇಶ ಸ್ವತಂತ್ರವಾದರೂ ಭರವಸೆ ಈಡೇರಲಿಲ್ಲ. 1962ರಲ್ಲಿ ಜನರಲ್ ನೆ ವಿನ್ ಅಧಿಕಾರವನ್ನು ಕಸಿದುಕೊಂಡ ಮೇಲೆ ಅಂಚಿನ ಜನಾಂಗಗಳಿಗೂ ಕೇಂದ್ರದ ಸೇನೆಗೂ ನಡುವೆ ಬಂದೂಕಿನ ಹೊರತು ಬೇರೆ ಸಂಬಂಧ ಹೆಚ್ಚೇನೂ ಉಳಿಯಲಿಲ್ಲ. 2008ರ ಸಂವಿಧಾನವನ್ನು ಬರೆಸಿದ್ದೂ ಸೇನೆಯೇ. ಅದು ಸಂಸತ್ತಿನ ಕಾಲು ಭಾಗ ಸ್ಥಾನಗಳನ್ನು ಸೇನೆಗೆ ಮೀಸಲಿಟ್ಟು, ಮುಖ್ಯ ವಿಧಿಗಳ ತಿದ್ದುಪಡಿಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚಿನ ಮತ ಬೇಕೆಂದು ವಿಧಿಸಿ, ರಕ್ಷಣೆ, ಗೃಹ ಮತ್ತು ಗಡಿ ವ್ಯವಹಾರಗಳ ಖಾತೆಗಳನ್ನು ಸೇನಾ ಮುಖ್ಯಸ್ಥರ ಕೈಯಲ್ಲಿರಿಸಿತು. ಅಂದರೆ ಚುನಾಯಿತ ಸರ್ಕಾರ ಬಂದರೂ ಸೇನೆಯ ಒಪ್ಪಿಗೆಯಿಲ್ಲದೆ ಏನೂ ಬದಲಾಗದಂತೆ ವ್ಯವಸ್ಥೆ ಮಾಡಿತು. ಇಷ್ಟಾದರೂ 2020ರ ನವೆಂಬರ್ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ ಭಾರಿ ಬಹುಮತ ಪಡೆದಾಗ, 2021ರ ಫೆಬ್ರವರಿ 1ರಂದು ಜನರಲ್ ಮಿನ್ ಆಂಗ್ ಹ್ಲೈಂಗ್ ಫಲಿತಾಂಶವನ್ನೇ ತಳ್ಳಿಹಾಕಿ ಅಧಿಕಾರ ಹಿಡಿದರು. ಬೀದಿಗಿಳಿದು ಶಾಂತಿಯುತವಾಗಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿದ ನಂತರವೇ ‘ಜನರ ರಕ್ಷಣಾ ಪಡೆ’ಗಳೆಂಬ ಸಶಸ್ತ್ರ ಗುಂಪುಗಳು ಹುಟ್ಟಿಕೊಂಡವು, ಹಳೆಯ ಜನಾಂಗೀಯ ಸೇನೆಗಳಲ್ಲಿ ಕೆಲವು ಅವುಗಳ ಜೊತೆಗೂಡಿದವು.

ಈ ಕ್ರಮವನ್ನು ಮರೆಸಿ ಯುದ್ಧವೆಲ್ಲ ವಿದೇಶಿ ಪಿತೂರಿಯೆಂದೋ, ಬುಡಕಟ್ಟುಗಳ ಹುಟ್ಟುಗುಣವೆಂದೋ ಹೇಳುವ ಅಭಿಪ್ರಾಯ ಕನ್ನಡದಲ್ಲಿಯೂ ಚಲಾವಣೆಯಲ್ಲಿದೆ. ಹೊರಗಿನ ಕೈಗಳು ಇಲ್ಲವೆಂದಲ್ಲ, ಆದರೆ ಅವು ಮುಖ್ಯವಾಗಿ ಯಾರ ಬೆನ್ನಿಗಿವೆ ಎಂಬುದನ್ನು ನೋಡಬೇಕು. ಮ್ಯಾನ್ಮಾರ್ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರೂಸ್ ಅವರು 2023ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2021ರ ಸೇನಾ ದಂಗೆಯ ನಂತರ ಆ ದೇಶದ ಸೇನೆಗೆ ತಲುಪಿದ ಶಸ್ತ್ರಾಸ್ತ್ರ ಮತ್ತು ಅವುಗಳ ತಯಾರಿಕಾ ಸಾಮಗ್ರಿಯ ಮೌಲ್ಯ ಕನಿಷ್ಠ 100 ಕೋಟಿ ಡಾಲರ್. ಅದರಲ್ಲಿ ರಷ್ಯಾದಿಂದ ಹೋದದ್ದು 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರದಿಂದ 25.4 ಕೋಟಿ. ಭಾರತದ ಸಂಸ್ಥೆಗಳಿಂದ, ಸರ್ಕಾರಿ ಒಡೆತನದವೂ ಸೇರಿದಂತೆ, ಹೋದದ್ದು 5.1 ಕೋಟಿ ಡಾಲರ್. ಆ ಮೂರು ದೇಶಗಳ ಮುಂದೆ ಈ ಪಾಲು ಸಣ್ಣದು. ಆದರೂ ಒಂದು ಕೈಯಲ್ಲಿ ಆ ಸೇನೆಗೆ ಸಾಮಗ್ರಿ ಮಾರಿ, ಅದರ ವಿಮಾನದಾಳಿಗೆ ಹೆದರಿ ಓಡಿಬಂದವರನ್ನು ಇನ್ನೊಂದು ಕೈಯಲ್ಲಿ ಭದ್ರತೆಯ ಅಪಾಯವೆಂದು ತೋರಿಸುವ ನೀತಿಯನ್ನು ಗಡಿ ರಕ್ಷಣೆಯೆಂದು ಕರೆಯಲಾಗದು.

ಭಾರತ–ಮ್ಯಾನ್ಮಾರ್ ಗಡಿಯ ಉದ್ದ 1,643 ಕಿಲೋಮೀಟರ್: ಅರುಣಾಚಲ ಪ್ರದೇಶದಲ್ಲಿ 520, ಮಿಜೋರಾಂನಲ್ಲಿ 510, ಮಣಿಪುರದಲ್ಲಿ 398, ನಾಗಾಲ್ಯಾಂಡಿನಲ್ಲಿ 215. ಬ್ರಿಟಿಷರು ಎಳೆದ ಈ ಗೆರೆಯ ಎರಡೂ ಬದಿಯಲ್ಲಿ ಮಿಜೋ, ಚಿನ್, ಕುಕಿ, ನಾಗಾ ಕುಟುಂಬಗಳು ಹಂಚಿಹೋಗಿರುವುದರಿಂದ, ಗಡಿಯಿಂದ 16 ಕಿಲೋಮೀಟರ್ ಒಳಗಿನ ನಿವಾಸಿಗಳು ವೀಸಾ ಇಲ್ಲದೆ ಬಂದುಹೋಗಲು ಅವಕಾಶವಿತ್ತು. ಇದಕ್ಕೆ ‘ಮುಕ್ತ ಸಂಚಾರ ವ್ಯವಸ್ಥೆ’ ಎಂದು ಹೆಸರು. 2023ರ ಮೇ 3ರಂದು ಮಣಿಪುರದಲ್ಲಿ ಹಿಂಸಾಚಾರ ಆರಂಭವಾದ ನಂತರ ಅಲ್ಲಿನ ಆಗಿನ ರಾಜ್ಯ ಸರ್ಕಾರ ಈ ವ್ಯವಸ್ಥೆಯನ್ನೇ ದೂಷಿಸಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಅದನ್ನು ರದ್ದುಪಡಿಸುವುದಾಗಿಯೂ ಇಡೀ ಗಡಿಗೆ ಬೇಲಿ ಹಾಕಿಸುವುದಾಗಿಯೂ ಘೋಷಿಸಿದರು. ಅದೇ ತಿಂಗಳ ಕೊನೆಗೆ ಮಿಜೋರಾಂ ವಿಧಾನಸಭೆ, ಮಾರ್ಚ್ ಆರಂಭದಲ್ಲಿ ನಾಗಾಲ್ಯಾಂಡ್ ವಿಧಾನಸಭೆ ಇದನ್ನು ವಿರೋಧಿಸಿ ನಿರ್ಣಯ ಅಂಗೀಕರಿಸಿದವು. ಆ ವರ್ಷದ ಕೊನೆಗೆ ಸಂಚಾರ ಪೂರ್ತಿ ನಿಲ್ಲದೆ, ಪಾಸಿನ ಕಟ್ಟುಪಾಡಿನೊಡನೆ 10 ಕಿಲೋಮೀಟರಿಗೆ ಇಳಿಯಿತು. ಘೋಷಣೆಯ ಮಾತು ಮಾತ್ರ ಮಲೆನಾಡಿನ ವೇದಿಕೆಗಳಲ್ಲಿ ಹಾಗೆಯೇ ಉಳಿದುಕೊಂಡಿದೆ.

ಇನ್ನು ಅಡಿಕೆಯ ವಿಷಯ. ಮಣಿಪುರದ ಮೋರೆ ಮತ್ತು ಮಿಜೋರಾಂನ ಝೋಖಾವ್ಥಾರ್ ಈ ವ್ಯಾಪಾರದ ಎರಡು ಮುಖ್ಯ ಬಾಗಿಲುಗಳು. 1994ರ ಗಡಿ ವ್ಯಾಪಾರ ಒಪ್ಪಂದದಡಿ ಸರಕಿಗೆ ಸರಕು ಕೊಟ್ಟು ಪಡೆಯುವ ಪದ್ಧತಿಗೆ ಅನುಮತಿ ಪಡೆದ ವಸ್ತುಗಳಲ್ಲಿ ಅಡಿಕೆಯೂ ಒಂದಾಗಿತ್ತು. ಹಾಗಾಗಿ ಆ ದಾರಿಯಲ್ಲಿ ಅಡಿಕೆ ಸಾಗುವುದು ಈಗಿನ ಯುದ್ಧ ಹುಟ್ಟುವುದಕ್ಕಿಂತ ಎಷ್ಟೋ ಹಳೆಯ ಸಂಗತಿ. ದೇಶದ ಬೆಳೆಗಾರರನ್ನು ಕಾಯಲು ಸರ್ಕಾರ ಅಡಿಕೆಗೆ ಶೇಕಡಾ 100ರಷ್ಟು ಆಮದು ಸುಂಕವನ್ನೂ ‘ಕನಿಷ್ಠ ಆಮದು ಬೆಲೆ’ಯನ್ನೂ ವಿಧಿಸಿದೆ. ಕನಿಷ್ಠ ಆಮದು ಬೆಲೆಯೆಂದರೆ ಅದಕ್ಕಿಂತ ಕಡಿಮೆ ಬೆಲೆ ನಮೂದಿಸಿ ಸರಕನ್ನು ಆಮದು ಮಾಡಿಕೊಳ್ಳುವಂತಿಲ್ಲ ಎಂಬ ಮಿತಿ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಲಾಯಿತು. ಹೊರಗಿನ ಬೆಲೆ ಬಹಳ ಕಡಿಮೆ, ಒಳಗಿನ ಬೆಲೆ ಹೆಚ್ಚು, ನಡುವೆ ದೊಡ್ಡ ಸುಂಕ ಇದ್ದಲ್ಲಿ ಕಳ್ಳಸಾಗಣೆಗೆ ಲಾಭ ದೊರೆಯುತ್ತದೆ. ಸುಂಕ ಬೇಡವೆಂದು ಇದರ ಅರ್ಥವಲ್ಲ, ಸುಂಕವಿಲ್ಲದಿದ್ದರೆ ಮಲೆನಾಡಿನ ಸಣ್ಣ ಹಿಡುವಳಿದಾರ ಎಂದೋ ತೋಟ ಬಿಡಬೇಕಾಗುತ್ತಿತ್ತು. ಆದರೆ ಆ ಲಾಭ ಯಾರ ಕೈಗೆ ಹೋಗುತ್ತದೆಂಬುದನ್ನು ಹುಡುಕದೆ ಗಡಿಯ ಗುಡ್ಡದತ್ತ ಬೊಟ್ಟು ಮಾಡುವುದು ತನಿಖೆಯಾಗುವುದಿಲ್ಲ.

ಆ ಕೈ ಎಲ್ಲಿದೆಯೆಂಬುದಕ್ಕೆ ನಾಗಪುರದ ಪ್ರಕರಣ ಸಾಕಷ್ಟು ಬೆಳಕು ಚೆಲ್ಲುತ್ತದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಬಂದ ಅಡಿಕೆ ಕಳ್ಳಸಾಗಣೆಯ ವಿಚಾರ ಸಿಬಿಐ ತನಿಖೆಗೆ ಹೋಯಿತು. ಅದರ ಆಧಾರದಲ್ಲಿ ಜಾರಿ ನಿರ್ದೇಶನಾಲಯ 2022ರಲ್ಲಿ ಮುಂಬೈ ಮತ್ತು ನಾಗಪುರಗಳಲ್ಲಿ ಶೋಧ ನಡೆಸಿತು. ತನಿಖಾ ಸಂಸ್ಥೆಗಳ ಆರೋಪವೇನೆಂದರೆ, ಇಂಡೋನೇಷ್ಯಾದಲ್ಲಿ ಬೆಳೆದ ಅಡಿಕೆಯನ್ನು ಮ್ಯಾನ್ಮಾರ್ ಗಡಿಯ ಮೂಲಕ ತಂದು, ನಕಲಿ ಬಿಲ್ಲು ಮತ್ತು ದಾಖಲೆಗಳ ಬಲದಿಂದ ದೇಶದೊಳಗಿನ ಸರಕೆಂದು ತೋರಿಸಿ ಮಾರಲಾಗುತ್ತಿತ್ತು. ಇಂಡೋನೇಷ್ಯಾದ ದ್ವೀಪಗಳಿಂದ ಹಡಗು ಹತ್ತಿ, ಮ್ಯಾನ್ಮಾರಿನ ಉದ್ದಕ್ಕೂ ಲಾರಿಯಲ್ಲಿ ಸಾಗಿ, ಮಿಜೋರಾಂ ಅಥವಾ ಮಣಿಪುರ, ಅಸ್ಸಾಂ, ಬಂಗಾಳಗಳನ್ನು ದಾಟಿ ಮಧ್ಯ ಭಾರತದ ಗೋದಾಮು ಸೇರುವ ಸರಕನ್ನು ಮನೆ ಸುಟ್ಟುಹೋಗಿ ಮಕ್ಕಳನ್ನೆತ್ತಿಕೊಂಡು ಬಂದ ನಿರಾಶ್ರಿತರು ಸಾಗಿಸುವುದಿಲ್ಲ. ಅದಕ್ಕೆ ಮುಂಗಡ ಹಣ ಹೂಡುವವರು ಬೇಕು, ಪ್ರತಿ ಚೆಕ್‌ಪೋಸ್ಟಿನಲ್ಲೂ ಕಣ್ಣು ಮುಚ್ಚಿಕೊಳ್ಳುವ ಅಧಿಕಾರಿ ಬೇಕು, ಸರಕಿನ ಮೂಲವನ್ನು ಸುಳ್ಳಾಗಿ ದೃಢೀಕರಿಸುವ ಕಾಗದ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪಾನ್ ಮಸಾಲೆ ಮತ್ತು ಗುಟ್ಕಾ ತಯಾರಿಕೆಗೆ ಅಗ್ಗದ ಅಡಿಕೆಯನ್ನು ಕೇಳಿದಷ್ಟು ಕೊಳ್ಳುವ ಗಿರಾಕಿ ಬೇಕು. ಇವರಲ್ಲಿ ಹೆಚ್ಚಿನವರು ಗಡಿಯ ಈಚೆಗೇ ಇದ್ದಾರೆ.

ಕಳ್ಳ ಅಡಿಕೆ ಬಹುಮಟ್ಟಿಗೆ ಒಣಗಿಸಿದ ಬಿಳಿ ಅಡಿಕೆಯಾದ್ದರಿಂದ ಅದರ ಮೊದಲ ಹೊಡೆತ ಕರಾವಳಿಯ ಚಾಲಿಗೆ ಬೀಳುತ್ತದೆ. ಬೇಯಿಸಿ ಚೊಗರು ಹಾಕಿ ಕೆಂಪಗೆ ಮಾಡುವ ತೀರ್ಥಹಳ್ಳಿ, ಹೊಸನಗರದ ಬೆಟ್ಟೆ, ರಾಶಿ, ‘ಸರಕು’ ಎಂಬ ಬಗೆಗಳಿಗೆ ಅದು ತಟ್ಟುವುದು ಕಾರ್ಖಾನೆಯ ಮಿಶ್ರಣದ ಮೂಲಕ. ಆ ಮಿಶ್ರಣದ ಮೇಲೆ ಕಣ್ಣಿಡಬೇಕಾದ್ದು ಆಹಾರ ಸುರಕ್ಷತಾ ಇಲಾಖೆ ಮತ್ತು ಜಿಎಸ್‌ಟಿ ಅಧಿಕಾರಿಗಳು, ಗಡಿ ಕಾಯುವ ಅಸ್ಸಾಂ ರೈಫಲ್ಸ್ ಅಲ್ಲ. ಕಳ್ಳದಾರಿಯೆಲ್ಲ ಗುಡ್ಡದ ಮೇಲಿದೆಯೆಂಬ ಕಲ್ಪನೆಯೂ ತಪ್ಪು: ಹಲವು ವರ್ಷ ‘ಹುರಿದ ಅಡಿಕೆ’ಯೆಂಬ ಬೇರೆ ಶೀರ್ಷಿಕೆಯಡಿ ಕನಿಷ್ಠ ಆಮದು ಬೆಲೆಯನ್ನು ತಪ್ಪಿಸಿಕೊಂಡ ಸರಕು ಬಂದರುಗಳ ಮೂಲಕವೇ ಬಂದಿತು, 2025ರಲ್ಲಿ ಒಂದು ಅಧಿಸೂಚನೆ ಹೊರಡಿಸಿ ಆ ಶೀರ್ಷಿಕೆಗೂ ಅದೇ ಬೆಲೆಮಿತಿಯನ್ನು ಅನ್ವಯಿಸಲಾಯಿತು. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಮಿತಿಯಿಲ್ಲದೆ ತರಿಸಿಕೊಳ್ಳಲು ಅನುಮತಿ ಕೊಟ್ಟದ್ದೂ ದೆಹಲಿಯ ಅಧಿಸೂಚನೆಯೇ. ಅದರ ವಿರುದ್ಧ ಮಲೆನಾಡಿನಲ್ಲಿ ಎದ್ದ ಪ್ರತಿಭಟನೆ ನ್ಯಾಯವಾಗಿತ್ತು, ಏಕೆಂದರೆ ಅದು ನಿರ್ಧಾರ ಮಾಡಿದವರನ್ನೇ ನೇರವಾಗಿ ಪ್ರಶ್ನಿಸಿತ್ತು.

ಮಿಜೋರಾಂನಲ್ಲಿಯೂ ಅಡಿಕೆ ಬೆಳೆಗಾರರಿದ್ದಾರೆಂಬುದು ಇಲ್ಲಿನ ಚರ್ಚೆಯಲ್ಲಿ ಬರುವುದೇ ಇಲ್ಲ. ಅಸ್ಸಾಂ ಗಡಿಗೆ ಹೊಂದಿಕೊಂಡ ಮಾಮಿತ್, ಕೋಲಾಸಿಬ್ ಜಿಲ್ಲೆಗಳಲ್ಲಿ ಅಡಿಕೆಯನ್ನೇ ನಂಬಿದ ಕುಟುಂಬಗಳಿವೆ. ಬರ್ಮಾ ಅಡಿಕೆಯ ಶಂಕೆಯಲ್ಲಿ ಅವರ ಸ್ವಂತ ಬೆಳೆಯ ಲಾರಿಗಳನ್ನೂ ನೆರೆರಾಜ್ಯದ ಪೊಲೀಸರು ತಡೆದಾಗ ಅವರ ಅಡಿಕೆ ಕೊಳೆತುಹೋಯಿತು, ಅವರೂ ಬೀದಿಗಿಳಿದರು. ಕಳ್ಳಸಾಗಣೆಯಿಂದ ಮಲೆನಾಡಿನ ತೋಟಿಗನಿಗಿಂತ ಮೊದಲು, ಅವನಿಗಿಂತ ಹೆಚ್ಚು ಪೆಟ್ಟು ತಿಂದ ಇವರನ್ನು ಈ ಹೋರಾಟದಲ್ಲಿ ಜೊತೆಗಾರರೆಂದು ಕಾಣಬೇಕಾಗಿತ್ತು; ಅದರ ಬದಲು ‘ಈಶಾನ್ಯದವರು’ ಎಂಬ ಒಂದೇ ಪದದಲ್ಲಿ ಬೆಳೆಗಾರ, ಕಳ್ಳಸಾಗಣೆದಾರ, ನಿರಾಶ್ರಿತ ಎಲ್ಲರನ್ನೂ ಸೇರಿಸಿ ದೂರುವುದು ರೂಢಿಯಾಗಿಬಿಟ್ಟಿದೆ.

ಗಡಿಯ ಅಪಾಯಗಳು ಕಲ್ಪಿತವೆಂದು ಯಾರೂ ಹೇಳಲಾಗದು. 2015ರ ಜೂನ್‌ನಲ್ಲಿ ಮಣಿಪುರದ ಚಾಂದೇಲ್ ಜಿಲ್ಲೆಯಲ್ಲಿ ಹೊಂಚುದಾಳಿಗೆ 18 ಯೋಧರು ಬಲಿಯಾದರು. ಮಾದಕ ವಸ್ತು ಮತ್ತು ಬಂದೂಕುಗಳು ಆ ದಾರಿಯಲ್ಲಿ ಸಾಗುತ್ತಿವೆ. ಮ್ಯಾನ್ಮಾರ್ ಸೇನೆಯ ವಿರುದ್ಧ ಹೋರಾಡುವ ಚಿನ್ ಪಡೆಗಳೂ ದೋಷಮುಕ್ತವಲ್ಲ. ಝೋಖಾವ್ಥಾರ್‌ಗೆ ಎದುರಿನ, ತಿಯಾವು ನದಿಯಾಚೆಯ ರಿಖಾವ್ದಾರ್ ಪಟ್ಟಣವನ್ನು 2023ರ ನವೆಂಬರ್‌ನಲ್ಲಿ ಸೇನೆಯಿಂದ ವಶಪಡಿಸಿಕೊಂಡ ಆ ಪಡೆಗಳಲ್ಲೇ ಎರಡು ಗುಂಪುಗಳು 2025ರ ಜುಲೈನಲ್ಲಿ ಆ ಸೀಮೆಯ ಹಿಡಿತಕ್ಕಾಗಿ ಪರಸ್ಪರ ಕಾದಾಡಿದವು, ಸಾವಿರಾರು ಜನ ಮತ್ತೆ ನದಿ ದಾಟಿ ಬರಬೇಕಾಯಿತು. ಗಡಿಯನ್ನು ಕಾಯಲೇಬೇಕು. ಆದರೆ ಬೇಲಿ ಮತ್ತು ರಸ್ತೆಗೆ ಸುಮಾರು 31,000 ಕೋಟಿ ರೂಪಾಯಿ ಬೇಕೆಂದು ವರದಿಯಾಗಿರುವ ಈ ಯೋಜನೆ ದಟ್ಟ ಕಾಡು, ಕಡಿದಾದ ಕಣಿವೆ, ಬಿಡದ ಮಳೆಯ ನೆಲದಲ್ಲಿ ನಿಲ್ಲಬೇಕು. ಬಹುಪಾಲು ಬೇಲಿ ಹಾಕಿ ಮುಗಿದಿರುವ ಬಾಂಗ್ಲಾದೇಶ ಗಡಿಯಲ್ಲಿಯೂ ಕಳ್ಳಸಾಗಣೆ ನಿಂತಿಲ್ಲ. ಆಗುಂಬೆಯ ಮಳೆಯಲ್ಲಿ ತೋಟದ ತಂತಿಬೇಲಿ ಎಷ್ಟು ವರ್ಷ ಬಾಳುತ್ತದೆಂಬುದು ಗೊತ್ತಿರುವ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಿರಾಶ್ರಿತರ ಪ್ರಶ್ನೆಯಲ್ಲಿ ಈ ಸೀಮೆಗೆ ಬೇರೆಯೇ ಒಂದು ಹೊಣೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿ, ಗದ್ದೆ ತೋಟ ಬಿಟ್ಟು ಕಾಡಿನ ನಡುವೆ ಹೋಗಿ ನೆಲೆಸಿದ ಕುಟುಂಬಗಳ ಜಮೀನಿನ ಹಕ್ಕಿನ ಗೊಂದಲ ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ನೆಲ ಕಳೆದುಕೊಂಡವರನ್ನು ಒತ್ತುವರಿದಾರರೆಂದು ಕರೆದರೆ ಹೇಗನಿಸುತ್ತದೆಂದು ಶರಾವತಿ ಮುಳುಗಡೆ ಸಂತ್ರಸ್ತರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಮ್ಯಾನ್ಮಾರಿನಿಂದ ಓಡಿಬಂದವರನ್ನು ತಡೆಯಬೇಕೆಂದು ಕೇಂದ್ರ ಗೃಹ ಸಚಿವಾಲಯ 2021ರ ಮಾರ್ಚ್‌ನಲ್ಲಿ ಸೂಚಿಸಿದಾಗ ಮಿಜೋರಾಂ ಅದನ್ನು ಒಪ್ಪದೆ, ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಚರ್ಚು, ಶಾಲೆ, ಮನೆಗಳಲ್ಲಿ ಆಸರೆ ಕೊಟ್ಟಿತು. 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕದ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನು ಇಲ್ಲದ ದೇಶದಲ್ಲಿ ಒಂದು ಪುಟ್ಟ ರಾಜ್ಯ ಮಾಡಿದ ಈ ಕೆಲಸವನ್ನು ಅಡಿಕೆಯ ಹೆಸರಿನಲ್ಲಿ ಹೀಗಳೆಯುವುದು ಮಲೆನಾಡಿಗೆ ಶೋಭೆಯಲ್ಲ.

ದರದ ಏರಿಳಿತಕ್ಕೆ ಕಳ್ಳ ಅಡಿಕೆಯೊಂದೇ ಕಾರಣವೂ ಅಲ್ಲ. ಚನ್ನಗಿರಿಯಿಂದಾಚೆಗೆ ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಬಯಲಿನಲ್ಲಿ ಕೊಳವೆಬಾವಿಯ ನೀರಿಗೆ ತೋಟಗಳು ಹಬ್ಬುತ್ತಿವೆ. ಇತ್ತ ಹಳೆಯ ಅಡಿಕೆ ಸೀಮೆಯಲ್ಲಿ ಎಲೆಚುಕ್ಕೆ ರೋಗ ಮತ್ತು ಕೊಳೆರೋಗಗಳು ಇಳುವರಿಯನ್ನು ತಿನ್ನುತ್ತಿವೆ. ಬೇಲಿಯ ಭಾಷಣ ಈ ಎರಡನ್ನೂ ಮರೆಯಾಗಿಸುತ್ತದೆ, ರೋಗಸಂಶೋಧನೆಗೆ ಹಣ ಕೇಳಬೇಕಾದ ಧ್ವನಿಯನ್ನು ಗಡಿಯ ಘೋಷಣೆಗೆ ಬಳಸಿಕೊಳ್ಳುತ್ತದೆ. ಮುಟ್ಟುಗೋಲು ಹಾಕಿದ ಅಡಿಕೆ ಮುಂದೆ ಏನಾಗುತ್ತದೆ, ಹರಾಜಿನ ಮೂಲಕ ಅದೇ ವ್ಯಾಪಾರಿಗಳ ಕೈ ಸೇರುತ್ತದೆಯೇ, ಬೇರೆ ದೇಶದ ಅಡಿಕೆಯನ್ನು ಗುರುತಿಸುವ ಪ್ರಯೋಗಾಲಯ ಪರೀಕ್ಷೆ ಎಷ್ಟು ಕಡೆ ಲಭ್ಯವಿದೆ, ನಾಗಪುರದಂಥ ಪ್ರಕರಣಗಳು ಯಾವ ಹಂತದಲ್ಲಿವೆ ಎಂಬುದನ್ನು ಸಂಸತ್ತಿನಲ್ಲಿ ಹೆಸರು, ಅಂಕಿ ಸಹಿತ ಕೇಳುವ ಹೊಣೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡಗಳ ಸಂಸದರದು. ಆ ಪ್ರಶ್ನೆಯನ್ನು ಅವರ ಬಾಯಿಂದ ಹೊರಡಿಸುವ ಹೊಣೆ ಅಡಿಕೆ ಬೆಳೆಗಾರರ ಸಹಕಾರ ಸಂಘಗಳಾದ ಮ್ಯಾಮ್‌ಕೋಸ್, ಆಪ್ಸ್‌ಕೋಸ್, ಕ್ಯಾಂಪ್ಕೋಗಳ ಸದಸ್ಯರದು.